ಬೆಳ್ಳಿಯ ಮುಖವಾಡವೂ ಸತ್ತವರ ದೂರೂ

ಆಭರಣದಂಗಡಿಯೊಂದಕ್ಕೆ ಕೆಲವು ಮಂದಿ ದೃಢಕಾಯರು ನುಗ್ಗುತ್ತಾರೆ. ಅವರ ನಡಿಗೆಯಲ್ಲಿ ಅವಸರವಿಲ್ಲ, ಕಣ್ಣಿನಲ್ಲಿ ಕಾಂತಿಯಿಲ್ಲ, ಕಳ್ಳರಿಗೆ ಸಹಜವಾದ ಭಯವಾಗಲಿ ಲೋಭವಾಗಲಿ ಅವರ ಮುಖದ ಮೇಲೆ ಲೇಶಮಾತ್ರವೂ ತೋರದು. ಪೊಲೀಸಿನವರು ಗುಂಡು ಹಾರಿಸುತ್ತಾರೆ. ಗುಂಡೇನೋ ತಗಲುತ್ತದೆ, ಆದರೆ ತಗಲಿದವನು ಬೀಳುವುದಿಲ್ಲ, ಏಕೆಂದರೆ ಅವನು ಈ ಮೊದಲೇ ಸತ್ತವನು. ಇಂಥ ಸಂಕಟ ಬಂದೊದಗಿದಾಗ ನಗರರಕ್ಷಣೆಯ ಭಾರವನ್ನು ಹೊತ್ತ ಅಧಿಕಾರಿಯಾದವನು ಮಾಡುವುದೇನು? ಅವನು ಮೇಲಿನವರಿಗೆ ವರದಿ ಬರೆಯುವುದಿಲ್ಲ, ಸೇನೆಗೆ ಹೇಳಿಕಳುಹಿಸುವುದಿಲ್ಲ. ಬೆಳ್ಳಿಯ ಬಣ್ಣದ ಮುಖವಾಡವನ್ನು ತೊಟ್ಟು, ಸಂಜೆಯ ಹೊತ್ತು ಟಿಕೆಟ್ಟು ಕೊಂಡು ಕುಳಿತ ಜನರೆದುರು ಕುಸ್ತಿಯಾಡುವ ಜಟ್ಟಿಯೊಬ್ಬನನ್ನು ನೆನೆದು, ಅವನ ನೆರವನ್ನು ಬೇಡುತ್ತಾನೆ. 1961ರಲ್ಲಿ ಮೆಕ್ಸಿಕೊ ದೇಶದಲ್ಲಿ ತಯಾರಾದ ‘ಜೋಂಬಿಗಳಿಗೆದುರಾಗಿ ಸಾಂತೋ’ ಎಂಬರ್ಥದ ಚಿತ್ರದ ವೃತ್ತಾಂತವಿದು. ನಮ್ಮ ಕಥೆಗಳ ಬೇತಾಳವು ಶವದೊಳಗೆ ಹೊಕ್ಕು ರಾಜನಿಗೆ ಒಗಟು ಹಾಕುತ್ತದೆ. ಈ ಮೆಕ್ಸಿಕೊ ದೇಶದ ಶವಗಳಿಗೆ ಅಂಥ ವಾಕ್ಚಾತುರ್ಯವೇನೂ ಇಲ್ಲ, ಅವು ಯಜಮಾನನೊಬ್ಬನಿಗೆ ಸಂಬಳವಿಲ್ಲದ ಚಾಕರಿಯನ್ನು ಮಾಡುತ್ತವೆ.

ಇಂಥ ಚಿತ್ರಗಳನ್ನು ನೋಡಿ ನಗುವುದು ಸುಲಭ. ನಾನೂ ಮೊದಲ ಸಲ ನಕ್ಕವನೇ. ದಾರ ಕಟ್ಟಿದ ಬಾವಲಿ ದಾರಸಮೇತ ಕಾಣಿಸುವುದೂ, ಸ್ಮಶಾನದ ಶಿಲೆಯು ಕೈ ತಾಗಿದೊಡನೆ ರಟ್ಟಿನಂತೆ ಅಲುಗುವುದೂ, ಕಥೆಯು ಕುತೂಹಲದ ತುದಿಗೆ ಮುಟ್ಟಿರುವಾಗ ನಾಯಕನು ಅದನ್ನೆಲ್ಲ ಬದಿಗಿಟ್ಟು ಹೋಗಿ ಒಂದು ಕುಸ್ತಿಯನ್ನು ಆದ್ಯಂತವಾಗಿ ಆಡಿ ಬರುವುದೂ ಯಾರಿಗಾದರೂ ನಗೆ ತರಿಸದಿರದು. ರಸಾಭಾಸವು ಹಾಸ್ಯಕ್ಕೆ ದಾರಿಮಾಡಿಕೊಡುತ್ತದೆಂದು ನಮ್ಮ ಆಲಂಕಾರಿಕರು ಹೇಳಿರುವುದಕ್ಕೆ ಇದಕ್ಕಿಂತ ನಿಚ್ಚಳವಾದ ಉದಾಹರಣೆ ಸಿಕ್ಕುವುದು ದುರ್ಲಭ. ಗಡಿಯಾಚೆಯ ಅಮೆರಿಕದಲ್ಲಿ ಈ ನಗೆಯನ್ನೇ ಒಂದು ವ್ಯಾಪಾರವಾಗಿ ಮಾಡಿಕೊಂಡವರುಂಟು. ಫ್ಲಾರಿಡಾದ ಕೆ. ಗಾರ್ಡನ್ ಮರ್ರೆ ಎಂಬಾತನು ಈ ಚಿತ್ರಗಳನ್ನು ಅಗ್ಗದ ಬೆಲೆಗೆ ಕೊಂಡು, ಇಂಗ್ಲಿಷಿನ ಮಾತು ತುಂಬಿಸಿ, ಬೆಳ್ಳಿಯ ಮುಖವಾಡದ ಆ ಜಟ್ಟಿ ಸಾಂತೋನಿಗೆ ‘ಸ್ಯಾಮ್ಸನ್’ ಎಂದು ಹೊಸ ನಾಮಕರಣವನ್ನೂ ಮಾಡಿ, ಬಯಲು ಚಿತ್ರಮಂದಿರಗಳಿಗೂ ಟೆಲಿವಿಷನ್ನಿಗೂ ಮಾರಿದನು. ಮೂವತ್ತು ವರ್ಷಗಳ ತರುವಾಯ, 1995ರಲ್ಲಿ, ಹಳೆಯ ಚಿತ್ರಗಳನ್ನು ತೋರಿಸುತ್ತ ಅವುಗಳ ಮೇಲೆ ಕುಚೋದ್ಯದ ಮಾತಾಡುವ ಟೆಲಿವಿಷನ್ ಕಾರ್ಯಕ್ರಮವೊಂದು ಅದೇ ಸ್ಯಾಮ್ಸನ್ನನನ್ನು ಮತ್ತೊಮ್ಮೆ ಹಾಸ್ಯದ ವಸ್ತುವಾಗಿ ಮಾಡಿತು. ‘ಕೆಟ್ಟಿರುವುದರಿಂದಲೇ ಚೆನ್ನಾಗಿದೆ’ ಎಂಬ ಈ ಬಗೆಯ ರಸಿಕತೆ ಈಚೆಗೆ ನಮ್ಮ ಯುವಕರಲ್ಲಿಯೂ ಹಬ್ಬುತ್ತಿರುವುದನ್ನು ಕಂಡು, ಆ ನಗೆಗೆ ಕೇಳಿಸದೆ ಉಳಿದ ಮಾತೊಂದು ಈ ಚಿತ್ರಗಳಲ್ಲಿದೆಯೆಂದು ಹೇಳಬೇಕೆನಿಸಿತು.

ನಮ್ಮಲ್ಲಿ ಪತ್ತೇದಾರಿ ಕಾದಂಬರಿಗಳನ್ನು ಓದಿ ಬೆಳೆದವರಿಗೆ ಒಂದು ಸಂಪ್ರದಾಯ ಚೆನ್ನಾಗಿ ಗೊತ್ತು: ಪಾಳುಬಂಗಲೆಯಲ್ಲಿ ಮೊದಲ ಅಧ್ಯಾಯದಿಂದ ಅಲೆಯುತ್ತಿದ್ದ ದೆವ್ವವು ಕೊನೆಯ ಅಧ್ಯಾಯದಲ್ಲಿ ಬಿಳಿಯ ಪಂಚೆ ಹೊದ್ದ ಕಳ್ಳನಾಗಿ ಸಿಕ್ಕಿಬೀಳುತ್ತದೆ, ಪತ್ತೇದಾರನ ತರ್ಕವು ಗೆಲ್ಲುತ್ತದೆ, ಇನ್ಸ್‌ಪೆಕ್ಟರು ಬೇಡಿಯನ್ನು ತೊಡಿಸುತ್ತಾನೆ. ಮೆಕ್ಸಿಕೊದ ಈ ಬಡ ಚಿತ್ರಗಳಲ್ಲಿ ದೆವ್ವವು ಕೊನೆಯವರೆಗೂ ದೆವ್ವವೇ. ಕಳ್ಳತನ, ಕೊಲೆ, ಅಪಹರಣ, ನಿಧಿಯ ಆಸೆ ಮುಂತಾದ ಲೌಕಿಕವಾದ ಪಾತಕಗಳೊಡನೆ ಆರಂಭವಾಗುವ ಕಥೆಯು ಅಲೌಕಿಕದಲ್ಲಿ ಮುಗಿಯುವುದು ಅಲ್ಲಿನ ಪದ್ಧತಿ. ಅಲ್ಲಿ ಬೇಡಿಗೆ ಕೆಲಸವೇ ಇಲ್ಲ. ದಂಡನೀತಿಯು ಯಾರ ಕೈಯಲ್ಲಿರಬೇಕೋ ಅವರು ಕೈಚೆಲ್ಲಿ ಕುಳಿತರೆ ಕೂಗಿ ಕರೆಯಬೇಕಾದುದು ಯಾರನ್ನು ಎಂಬ ಪ್ರಶ್ನೆಯನ್ನು ಆ ಚಿತ್ರಗಳು ಅರೆಬರೆಯಾಗಿ, ಎಷ್ಟೋ ವೇಳೆ ತಮಗೇ ಅರಿವಿಲ್ಲದೆ, ಕೇಳುತ್ತ ಬಂದಿವೆ. ಅರವತ್ತು ವರ್ಷಗಳ ಅವಧಿಯಲ್ಲಿ ಆ ಪ್ರಶ್ನೆಗೆ ದೊರೆತ ಉತ್ತರವು ಬದಲಾದ ಬಗೆಯಲ್ಲಿ ಒಂದು ದೇಶದ ಚರಿತ್ರೆಯೇ ಅಡಗಿದೆಯೆಂಬುದು ನನ್ನ ಅಭಿಪ್ರಾಯ.

ಮೊದಲು ಇವುಗಳ ಬಡತನದ ವಿಚಾರವನ್ನು ಹೇಳಬೇಕು, ಏಕೆಂದರೆ ಇವುಗಳ ಆಕಾರವನ್ನು ತಿದ್ದಿದ್ದು ಅದೇ. 1945ರಲ್ಲಿ ಮೆಕ್ಸಿಕೊದ ಚಿತ್ರಕಾರ್ಮಿಕರ ಸಂಘವು ಒಡೆದು ಎರಡಾಯಿತು. ಕಾಂತಿನ್‌ಫ್ಲಾಸ್, ಹೋರ್ಹೆ ನೆಗ್ರೆತೆ ಮೊದಲಾದ ಪ್ರಸಿದ್ಧ ನಟರೂ ಗಾಬ್ರಿಯೆಲ್ ಫಿಗೆರೋವ ಎಂಬ ಮಹಾ ಛಾಯಾಗ್ರಾಹಕನೂ ಮುಂದೆ ನಿಂತು ಕಟ್ಟಿದ ಹೊಸ ಸಂಘಕ್ಕೆ ಪೂರ್ಣಪ್ರಮಾಣದ ಕಥಾಚಿತ್ರಗಳನ್ನು ಮಾಡುವ ಹಕ್ಕು ಸಂದಿತು, ಹಳೆಯ ಸಂಘದ ಪಾಲಿಗೆ ಕಿರುಚಿತ್ರ ಮತ್ತು ವಾರ್ತಾಚಿತ್ರಗಳಷ್ಟೇ ಉಳಿದವು. ಹಳೆಯ ಸಂಘದವರು ದುಡಿಯುತ್ತಿದ್ದ ‘ಅಮೆರಿಕ’ ಸ್ಟುಡಿಯೋದ ನಿರ್ಮಾಪಕರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು: ಅರ್ಧ ಅರ್ಧ ಗಂಟೆಯ ಕಂತುಗಳನ್ನು, ಪ್ರತಿಯೊಂದಕ್ಕೂ ಬೇರೆ ಬೇರೆ ಶೀರ್ಷಿಕೆ ಕೊಟ್ಟು, ಕಿರುಚಿತ್ರಗಳೆಂಬ ಲೆಕ್ಕದಲ್ಲಿ ತಯಾರಿಸುವುದು, ಆಮೇಲೆ ಮೂರು ನಾಲ್ಕನ್ನು ಒಟ್ಟಿಗೆ ಹೊಲಿದು ಒಂದು ಚಿತ್ರವೆಂದು ತೋರಿಸುವುದು. ಹೀಗಾದಾಗ ಪ್ರತಿ ಅರ್ಧ ಗಂಟೆಗೊಮ್ಮೆ ಒಬ್ಬಳ ಅಪಹರಣವೋ, ಒಂದು ಹೊಡೆದಾಟವೋ, ಗೋರಿಯ ಕಲ್ಲು ಸರಿಯುವ ಶಬ್ದವೋ ಅನಿವಾರ್ಯವಾಗಿ ಬಂದು ಬೀಳಲೇಬೇಕಾಯಿತು. ಅಪರಾಧದ ಕಥೆಯೂ ಭೂತದ ಕಥೆಯೂ ಮಲ್ಲಯುದ್ಧವೂ ಒಂದೇ ಸೂರಿನ ಕೆಳಗೆ ಸಂಸಾರ ಹೂಡಿದ್ದಕ್ಕೆ ಕಲಾತತ್ತ್ವಕ್ಕಿಂತ ಹೆಚ್ಚಾಗಿ ಇಂಥ ಕಾರಣಗಳಿವೆ. ಮೆಕ್ಸಿಕೊದವರು ಈ ಜಾತಿಯ ಚಿತ್ರಕ್ಕೆ ‘ಚುರ್ರೊ’ ಎಂದು ಹೆಸರಿಟ್ಟರು. ಚುರ್ರೊ ಎಂದರೆ ಹಿಟ್ಟನ್ನು ಒರಳಿನಲ್ಲಿ ಒತ್ತಿ ಎಣ್ಣೆಯಲ್ಲಿ ಕರಿದು ಸಕ್ಕರೆ ಉದುರಿಸಿದ ತಿಂಡಿ. ಎಷ್ಟು ಒತ್ತಿದರೂ ಒಂದೇ ರೂಪ, ತಿನ್ನಲು ರುಚಿ, ಪುಷ್ಟಿಯ ಮಾತು ಬೇರೆ. ಚಕ್ಕುಲಿಯ ಒರಳನ್ನು ತಿರುಗಿಸಿದ ಕೈಗಳಿಗೆ ಈ ಉಪಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಈ ಒರಳಿನಿಂದ ಬಂದುದೆಲ್ಲ ಒಂದೇ ಹದದ್ದೆಂದು ತಿಳಿಯಬಾರದು. 1957ರಲ್ಲಿ ತೆರೆಕಂಡ, ಫರ್ನಾಂದೊ ಮೆಂದೆಸ್ ನಿರ್ದೇಶಿಸಿದ ‘ಶವಚೋರ’ ಎಂಬ ಚಿತ್ರವನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಜಟ್ಟಿಗಳು ಒಬ್ಬೊಬ್ಬರಾಗಿ ಕೊಲೆಯಾಗುತ್ತಿದ್ದಾರೆ. ಪೊಲೀಸ್ ಅಧಿಕಾರಿಯೊಬ್ಬನು ಹಳ್ಳಿಯಿಂದ ಬಂದ ತನ್ನ ಸ್ನೇಹಿತನನ್ನು ಎರೆಯಾಗಿ ಕುಸ್ತಿಯ ಕಣಕ್ಕೆ ಇಳಿಸುತ್ತಾನೆ. ಕೊಲೆಗಾರನಾದ ವಿಜ್ಞಾನಿಯಾದರೋ ಮುಗ್ಧನಾದ ಲಾಟರಿ ಮಾರುವ ಮುದುಕನ ವೇಷದಲ್ಲಿ ಎಲ್ಲರ ನಡುವೆಯೇ ಸುಳಿದಾಡುತ್ತಿರುತ್ತಾನೆ. ಚಿತ್ರದ ಪೂರ್ವಾರ್ಧವು ಅಪ್ಪಟ ಪೊಲೀಸ್ ತನಿಖೆಯ ಕಥೆ. ಉತ್ತರಾರ್ಧದಲ್ಲಿ ಸ್ನೇಹಿತನ ತಲೆಯೊಳಗೆ ಗೊರಿಲ್ಲದ ಮೆದುಳು ಸೇರಿ, ಗೆಳೆಯನನ್ನು ಎರೆಮಾಡಿದವನ ಪಾಪಕ್ಕೆ ರೂಪ ಬಂದಂತೆ ಅವನು ಪಶುವಾಗುತ್ತ ಹೋಗುತ್ತಾನೆ. ಈ ಪಾತ್ರವನ್ನು ವಹಿಸಿದ ವೋಲ್ಫ್ ರುವಿನ್‌ಸ್ಕಿಸ್ ಲಾತ್ವಿಯದ ರೀಗಾ ಪಟ್ಟಣದಲ್ಲಿ ಹುಟ್ಟಿ, ನಿಜವಾಗಿಯೂ ಕುಸ್ತಿಯಾಡಿದವನು. ಪೆಟ್ಟು ತಿಂದ ದೇಹವು ಹೇಗೆ ನೆಲಕ್ಕೆ ಬೀಳುತ್ತದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಅದೇ ವರ್ಷ ರಫಾಯೆಲ್ ಪೊರ್ತಿಯೊ ಎಂಬಾತನು ಒಂದರ ಬೆನ್ನಿಗೊಂದರಂತೆ ಚಿತ್ರೀಕರಿಸಿದ ಮೂರು ‘ಅಸ್ತೇಕ ಮಮ್ಮಿ’ಯ ಚಿತ್ರಗಳನ್ನು ಕಲೆಯ ದೃಷ್ಟಿಯಿಂದ ಸಮರ್ಥಿಸುವ ಸಾಹಸ ನನಗೆ ಬೇಡ, ಮೂರನೆಯದರ ಬಹುಭಾಗವು ಮೊದಲೆರಡರ ತುಣುಕುಗಳನ್ನೇ ಮತ್ತೆ ತೋರಿಸಿ ಕಾಲ ಕಳೆಯುತ್ತದೆ, ಶವವನ್ನು ಒಳಗಿಟ್ಟ ತಗಡಿನ ಯಂತ್ರಮಾನವನಂತೂ ಮಕ್ಕಳ ಹಬ್ಬದ ಆಟಿಕೆಯಂತಿದ್ದಾನೆ. ಆದರೆ ಅವುಗಳ ಕಥೆಯ ಬೀಜದಲ್ಲಿರುವ ನೈತಿಕವಾದ ತೊಡಕು ಬಲು ಸ್ವಾರಸ್ಯವಾದುದು. ಅಲ್ಮಾದ ಎಂಬ ವೈದ್ಯನು ತನ್ನ ವಧುವಾಗಲಿರುವವಳನ್ನು ವಶೀಕರಣನಿದ್ರೆಗೆ ಒಳಪಡಿಸಿ, ಅವಳ ಪೂರ್ವಜನ್ಮದ ಸ್ಮೃತಿಯ ಜಾಡನ್ನು ಹಿಡಿದು, ಪುರಾತನವಾದ ದೇಗುಲದೊಳಗೆ ಹೊಕ್ಕು, ಅಲ್ಲಿ ಶತಮಾನಗಳಿಂದ ಮಲಗಿದ್ದ ಶವದ ಮೇಲಿನ ಎದೆಗವಚವನ್ನು ತನ್ನ ಸಿದ್ಧಾಂತಕ್ಕೆ ಪ್ರಮಾಣ ಬೇಕೆಂದು ಎತ್ತಿಕೊಂಡು ಬರುತ್ತಾನೆ. ‘ಬಾವಲಿ’ ಎಂಬ ಅಡ್ಡಹೆಸರಿನ ಪಾತಕಿಯು ಅದೇ ಕವಚಕ್ಕಾಗಿ ಹೊಂಚುಹಾಕುವನು, ಏಕೆಂದರೆ ಅಸ್ತೇಕರ ನಿಧಿಗೆ ದಾರಿ ಅದರ ಮೇಲೆ ಬರೆದಿದೆ. ಕಾವಲಿಗೆ ನೇಮಕವಾದ ಪೊಪೋಕನೆಂಬ ಒಣಗಿದ ಯೋಧನು ಎದ್ದುಬರುವುದು ತನ್ನ ಒಡವೆಯನ್ನು ಮರಳಿ ಪಡೆಯುವುದಕ್ಕಷ್ಟೇ. ಹಾಗಾದರೆ ಈ ಕಥೆಯಲ್ಲಿ ಮೊದಲ ಕಳವನ್ನು ಮಾಡಿದವನು ಯಾರು? ಚಿತ್ರವು ವೈದ್ಯನನ್ನು ಸಜ್ಜನನೆಂದೂ ಬಾವಲಿಯನ್ನು ದುರ್ಜನನೆಂದೂ ತೀರ್ಪು ಕೊಟ್ಟು ಮುಂದೆ ಸಾಗುತ್ತದೆ. ನಿಕ್ಷೇಪವನ್ನು ಕಾಯುವ ಸರ್ಪದ ಕಥೆಗಳನ್ನು ಅಜ್ಜಿಯ ಬಾಯಲ್ಲಿ ಕೇಳಿದ ನಮ್ಮಂಥವರಾದರೋ ಸರ್ಪದ ಪಕ್ಷವನ್ನೇ ವಹಿಸುತ್ತೇವೆ. ಜಗತ್ತಿನ ವಸ್ತುಸಂಗ್ರಹಾಲಯಗಳೆಷ್ಟೋ ವೈದ್ಯ ಅಲ್ಮಾದನ ಮಾರ್ಗದಲ್ಲಿಯೇ ತುಂಬಿವೆಯೆಂಬುದನ್ನು ಇಲ್ಲಿ ಹೆಚ್ಚು ಬೆಳೆಸಲಾರೆ.

ಇನ್ನು ಸಾಂತೋನ ವಿಷಯ. ರೊದೋಲ್ಫೊ ಗುಸ್ಮಾನ್ ವೆರ್ತ ಎಂಬುದು ಅವನ ನಿಜನಾಮಧೇಯ. ಇದಾಲ್ಗೊ ಪ್ರಾಂತದ ತುಲಾನ್ಸಿಂಗೊ ಎಂಬಲ್ಲಿ 1917ರಲ್ಲಿ ಹುಟ್ಟಿದವನು. 1942ರಲ್ಲಿ ‘ಸಂತ’ ಎಂಬರ್ಥದ ಹೆಸರನ್ನೂ ಬೆಳ್ಳಿಯ ಮುಖವಾಡವನ್ನೂ ಧರಿಸಿ ಕಣಕ್ಕೆ ಇಳಿದಾಗ ಅವನು ವರ್ತಿಸಿದ್ದು ಹೆಸರಿಗೆ ತೀರ ವಿಪರೀತವಾಗಿ. ಮೆಕ್ಸಿಕೊದ ಕುಸ್ತಿಯಲ್ಲಿ ನಿಯಮವನ್ನು ಪಾಲಿಸುವವನು ‘ತೆಕ್ನಿಕೊ’, ಮುರಿಯುವವನು ‘ರೂದೊ’, ಸಂತನಾದವನು ಇಪ್ಪತ್ತು ವರ್ಷಗಳ ಪರ್ಯಂತ ರೂದೊ ಆಗಿಯೇ ಮೆರೆದನು. 1952ರಿಂದ ಹೊಸೆ ಜಿ. ಕ್ರೂಸ್ ಎಂಬಾತನು ಹೊರತಂದ ಚಿತ್ರಕಥೆಯ ಪುಸ್ತಕಗಳು ಅವನನ್ನು ದೀನರಕ್ಷಕನಾಗಿ ಬೆಳೆಸಿದವು. ಚಲನಚಿತ್ರಕ್ಕೆ ಬಂದುದು 1958ರ ಕೊನೆಯಲ್ಲಿ, ಕ್ಯೂಬಾದಲ್ಲಿ, ಕ್ರಾಂತಿಯು ಹವಾನದ ಬಾಗಿಲಿಗೆ ಬಂದು ನಿಂತಿದ್ದ ದಿನಗಳಲ್ಲಿ ತರಾತುರಿಯಾಗಿ ಚಿತ್ರೀಕರಿಸಿದ ಎರಡು ಚಿತ್ರಗಳ ಮೂಲಕ. ಅಲ್ಲಿಂದ ಮುಂದೆ ಐವತ್ತಕ್ಕೂ ಮಿಕ್ಕಿದ ಚಿತ್ರಗಳು. ಮಲಗುವಾಗಲೂ, ಕಾರು ನಡೆಸುವಾಗಲೂ, ಮುಖವಾಡಕ್ಕೆ ಕೋಟು ಟೈಗಳನ್ನು ಜೋಡಿಸಿಕೊಂಡು ಔತಣಕ್ಕೆ ಹೋಗುವಾಗಲೂ ಅವನು ಮುಖವನ್ನು ತೋರಿಸಲಿಲ್ಲ. ಅವನ ಸುತ್ತಲಿನ ಪಾತ್ರಗಳೂ ಅದನ್ನು ವಿಚಿತ್ರವೆಂದು ಒಂದು ದಿನವಾದರೂ ಭಾವಿಸಲಿಲ್ಲ. ಈ ಗಾಂಭೀರ್ಯವೇ ಆ ಚಿತ್ರಗಳ ಪ್ರಾಣ. ಪ್ರಬಂಧಕಾರ ಕಾರ್ಲೋಸ್ ಮೊನ್ಸಿವಾಯಿಸರಂಥವರು ಈ ಜಟ್ಟಿಯ ಬಗೆಗೆ ಬರೆಯಲು ಲೇಖನಿಯನ್ನು ಹಿಡಿದದ್ದು ಸುಮ್ಮನೆಯಲ್ಲ.

ಮೊದಲು ಹೇಳಿದ ಜೋಂಬಿಗಳ ಚಿತ್ರವನ್ನು ನಿರ್ದೇಶಿಸಿದ ಬೆನಿತೊ ಅಲಾಸ್ರಾಕಿಯು ಅದಕ್ಕೆ ಕೆಲವೇ ವರ್ಷ ಮೊದಲು, ಮೆಕ್ಸಿಕೊದ ಮೂಲನಿವಾಸಿಗಳ ಬಾಳನ್ನು ಕುರಿತ ‘ಬೇರುಗಳು’ ಎಂಬ ಚಿತ್ರಕ್ಕಾಗಿ 1955ರ ಕಾನ್ ಉತ್ಸವದಲ್ಲಿ ವಿಮರ್ಶಕರ ಪ್ರಶಸ್ತಿಯನ್ನು ಪಡೆದವನು. ಪ್ರಶಸ್ತಿಯು ಹೊಟ್ಟೆಯನ್ನು ತುಂಬಿಸದ ದೇಶದಲ್ಲಿ ಒಳ್ಳೆಯ ಕುಶಲಿಗಳು ಚುರ್ರೊ ಒತ್ತುವುದಕ್ಕೆ ಬಂದರು. ಬಂದವರು ತಮ್ಮ ಕಣ್ಣನ್ನು ಮನೆಯಲ್ಲಿ ಬಿಟ್ಟು ಬರಲಿಲ್ಲ. 1962ರ ‘ರಕ್ತಪಿಶಾಚಿಯರಿಗೆದುರಾಗಿ ಸಾಂತೋ’ ಚಿತ್ರದಲ್ಲಿ, ಧೂಳು ಕವಿದ ಭವನದಲ್ಲಿ ಪಿಶಾಚಿಯರು ಶವಪೆಟ್ಟಿಗೆಗಳಿಂದ ಒಬ್ಬೊಬ್ಬರಾಗಿ ಏಳುವ ಆರಂಭದ ದೃಶ್ಯದ ನೆರಳು ಬೆಳಕಿನ ವಿನ್ಯಾಸ ಎಂಥ ಶ್ರೀಮಂತ ಚಿತ್ರಕ್ಕೂ ಶೋಭೆ ತರುವಂಥದು. ಅದೇ ಚಿತ್ರದಲ್ಲಿ ಸಾಂತೋನ ಎದುರಾಳಿಯ ಮುಖವಾಡವನ್ನು ಕಣದ ನಡುವೆ ಕಿತ್ತಾಗ ಒಳಗೆ ತೋಳದ ಮೋರೆ ಕಾಣುತ್ತದೆ. ಪೊಲೀಸರು ಪಿಸ್ತೂಲು ಹಿಡಿದು ಸುತ್ತುವರಿಯುತ್ತಾರೆ, ಅದು ಬಾವಲಿಯಾಗಿ ಹಾರಿಹೋಗುತ್ತದೆ. ಕೈಯಲ್ಲಿ ಪಿಸ್ತೂಲು, ಎದುರಿನಲ್ಲಿ ಬರಿಯ ಗಾಳಿ. ಇಂಥ ಚಿತ್ರಗಳಲ್ಲಿ ಪೊಲೀಸರು ಸದಾ ಸಭ್ಯರು, ಸದಾ ಇಸ್ತ್ರಿ ಮಾಡಿದ ಉಡುಪಿನವರು, ಸದಾ ನಿರುಪಯೋಗಿಗಳು.

ಇದನ್ನು ಕಂಡು ಈ ಚಿತ್ರಗಳಲ್ಲಿ ರಾಜ್ಯಶಕ್ತಿಯ ಮೇಲಿನ ಗುಪ್ತವಾದ ಬಂಡಾಯವಿದೆಯೆಂದು ಪಂಡಿತರು ಹೇಳುವುದುಂಟು. ಅಷ್ಟು ದೂರ ನಾನು ಹೋಗಲಾರೆ. ಸಾಂತೋ ಅಧಿಕಾರಿಗಳ ಆಪ್ತಮಿತ್ರ. ಅವನು ವಧಿಸಿದ ವೈರಿಗಳ ಪಟ್ಟಿಯಲ್ಲಿ ಮಮ್ಮಿಗಳಿದ್ದಾರೆ, ಮಂಗಳಗ್ರಹದವರಿದ್ದಾರೆ, ಫ್ರಾಂಕೆನ್‌ಸ್ಟೈನನ ಮಗಳಿದ್ದಾಳೆ. ಲಂಚ ತಿಂದ ಮಂತ್ರಿ ಹುಡುಕಿದರೂ ಸಿಗನು. 1968ರಲ್ಲಿ ತಯಾರಾದ ಚಿತ್ರವೊಂದರಲ್ಲಿ ಅವನು ಕಾಲಯಂತ್ರವೊಂದನ್ನು ನಿರ್ಮಿಸಿ ಡ್ರಾಕುಲನ ನಿಧಿಯನ್ನು ಅರಸಿದನು. ಮನೆಮಂದಿಗೆಲ್ಲ ತೋರಿಸಲು ಕಪ್ಪುಬಿಳುಪಿನದೊಂದು, ಪರದೇಶದವರಿಗೆ ನಗ್ನಸ್ತ್ರೀಯರಿರುವ ಬಣ್ಣದ್ದೊಂದು ಎಂದು ಆ ಚಿತ್ರವನ್ನು ಎರಡು ಪಾಠಗಳಲ್ಲಿ ತೆಗೆದರು, ಎರಡನೆಯದು ಬಹುಕಾಲ ಅಡಗಿದ್ದು 2011ರಲ್ಲಿ ಗ್ವಾದಲಹಾರದಲ್ಲಿ ತೆರೆಕಂಡಿತು. ಅದೇ 1968ರ ಅಕ್ಟೋಬರ್ 2ರ ಸಂಜೆ, ಒಲಿಂಪಿಕ್ ಕ್ರೀಡೆಗಳು ಆರಂಭವಾಗಲು ಹತ್ತು ದಿನಗಳಿರುವಾಗ, ತ್ಲಾತೆಲೋಲ್ಕೊ ಚೌಕದಲ್ಲಿ ನೆರೆದಿದ್ದ ವಿದ್ಯಾರ್ಥಿಗಳ ಮೇಲೆ ಸರ್ಕಾರದ ಪಡೆಗಳು ಗುಂಡು ಹಾರಿಸಿದವು. ಸತ್ತವರ ಸಂಖ್ಯೆಯ ವಿವಾದ ಇಂದಿಗೂ ಮುಗಿದಿಲ್ಲ. ಯಾವ ಕಾಲಕ್ಕೆ ಬೇಕಾದರೂ ಹೋಗಬಲ್ಲ ಯಂತ್ರವಿದ್ದ ಸಾಂತೋ ಆ ಚೌಕಕ್ಕೆ ಎಂದೂ ಹೋಗಲಿಲ್ಲ, ಹೋಗಲು ಯಾರೂ ಬಿಡುತ್ತಿರಲೂ ಇಲ್ಲ. ನ್ಯಾಯವು ಠಾಣೆಯಲ್ಲಿ ಸಿಗದೆಂಬುದನ್ನು ಆ ಚಿತ್ರಗಳು ಬಲ್ಲವು. ಏಕೆ ಸಿಗದೆಂಬುದನ್ನು ಬಾಯಿಬಿಟ್ಟು ಹೇಳಲಾರವು. ಹೇಳಲಾರದ್ದನ್ನು ರಕ್ತಪಿಶಾಚಿಯ ತಲೆಗೆ ಕಟ್ಟಿ ನೋಡುವವರನ್ನು ನೆಮ್ಮದಿಯಾಗಿ ಮನೆಗೆ ಕಳುಹಿಸುವುದು ಅವುಗಳ ದೌರ್ಬಲ್ಯವೆಂದೇ ನನ್ನ ಎಣಿಕೆ.

ಒಮ್ಮೊಮ್ಮೆ ಮಾತ್ರ ಬೆಸುಗೆ ಬಿಚ್ಚಿ ಒಳಗಿನದು ಕಾಣುವುದುಂಟು. 1972ರ ‘ಗ್ವಾನಾಹ್ವಾತೊದ ಮಮ್ಮಿಗಳು’ ಎಂಬ, ಫೆದೆರಿಕೊ ಕುರಿಯೆಲ್ ನಿರ್ದೇಶಿಸಿದ ಬಣ್ಣದ ಚಿತ್ರದಲ್ಲಿ ಬ್ಲೂ ಡೀಮನ್, ಮಿಲ್ ಮಾಸ್ಕರಾಸ್ ಎಂಬಿಬ್ಬರು ಮುಖವಾಡದ ಜಟ್ಟಿಗಳು ಗೋರಿಯಿಂದೆದ್ದ ಶವಗಳೊಡನೆ ಕಾದಾಡಿ ಬಸವಳಿದಿರುವಾಗ ಕಟ್ಟಕಡೆಗೆ ಸಾಂತೋ ಬಂದು ಗೆಲ್ಲಿಸಿಕೊಡುತ್ತಾನೆ. ಕಥೆ ಇಷ್ಟೇ, ವಿವರಿಸಲು ಏನೂ ಇಲ್ಲ. ಆದರೆ ಗ್ವಾನಾಹ್ವಾತೊದ ಒಣಶವಗಳು ಕವಿಕಲ್ಪನೆಯಲ್ಲ, ಇಂದಿಗೂ ಗಾಜಿನ ಪೆಟ್ಟಿಗೆಗಳಲ್ಲಿ ನಿಂತಿವೆ. ಆ ಗಣಿಪಟ್ಟಣದ ಸಾಂತಾ ಪೌಲಾ ಸ್ಮಶಾನದಲ್ಲಿ ಹೂಳಿದ ಜಾಗಕ್ಕೆ ತೆರಿಗೆ ಕೊಡಬೇಕಾಗಿತ್ತು. ಕೊಡಲಾರದವರ ಬಂಧುಗಳ ಶವಗಳನ್ನು 1865ರಿಂದ ಗೋಡೆಯ ಗೂಡುಗಳಿಂದ ಹೊರಕ್ಕೆ ತೆಗೆದರು, ತೆಗೆದಾಗ ಅಲ್ಲಿನ ಒಣಹವೆಯಲ್ಲಿ ಕೆಲವು ಕೊಳೆಯದೆ ಉಳಿದಿದ್ದವು. ಆ ತೆರಿಗೆಯ ಪದ್ಧತಿ 1958ರವರೆಗೂ ಇತ್ತು. ಬಾಡಿಗೆ ಕಟ್ಟದೆ ಸತ್ತಮೇಲೂ ಹೊರಹಾಕಿಸಿಕೊಂಡ ಬಡವರು ತೆರೆಯ ಮೇಲೆ ಎದ್ದು ನಡೆದುಬರುವಾಗ ಅವರ ಮೇಲೆ ಬೆಂಕಿಯ ಪಿಸ್ತೂಲನ್ನು ಹಿಡಿದು ಸುಡುವವನನ್ನು ನಾಯಕನೆಂದು ಕರೆಯುವುದು ಹೇಗೆ ಎಂಬ ಸಂಶಯ ಆ ಚಿತ್ರವನ್ನು ಮಾಡಿದವರಿಗೆ ಬಂದಂತಿಲ್ಲ. ಮೊದಲ ಸಲ ನೋಡಿದಾಗ ನನಗೂ ಬಂದಿರಲಿಲ್ಲ.

ಸಾಂತೋ 1984ರ ಜನವರಿಯ ಕೊನೆಯಲ್ಲಿ, ಟೆಲಿವಿಷನ್ನಿನ ಕಾರ್ಯಕ್ರಮವೊಂದರಲ್ಲಿ, ಮುಖವಾಡವನ್ನು ಅರ್ಧ ಸರಿಸಿ ಮುಖವನ್ನು ತೋರಿದನು. ಫೆಬ್ರವರಿ 5ರಂದು ತೀರಿಕೊಂಡನು. ಮುಖವಾಡದೊಡನೆಯೇ ಅವನನ್ನು ಹೂಳಿದರು. ಮರುವರ್ಷ ಸೆಪ್ಟೆಂಬರ್ 19ರ ಭೂಕಂಪದಲ್ಲಿ ರಾಜಧಾನಿಯ ಸಾವಿರಾರು ಮನೆಗಳು ಉರುಳಿ, ಉಳಿದ ಬಾಡಿಗೆದಾರರನ್ನು ಮನೆಯೊಡೆಯರು ಎಬ್ಬಿಸಿ ಓಡಿಸುತ್ತಿರುವಾಗ, 1987ರಲ್ಲಿ, ಕೆಂಪು ಹಳದಿಯ ಮುಖವಾಡವನ್ನು ತೊಟ್ಟು ‘ಸೂಪರ್‌ಬಾರ್ರಿಯೊ’ ಎಂದು ಹೆಸರಿಟ್ಟುಕೊಂಡ ಒಬ್ಬಾತನು ಬೀದಿಗಿಳಿದು, ಮನೆ ಖಾಲಿಮಾಡಿಸಲು ಬಂದ ಅಮೀನರೆದುರು ಬಾಗಿಲಿಗೆ ಅಡ್ಡ ನಿಂತನು, ಬಡವರ ಪರವಾಗಿ ಅಧಿಕಾರಿಗಳೊಡನೆ ಮಾತುಕತೆಗೆ ಕುಳಿತನು. ಚಲನಚಿತ್ರದ ಸಾಂತೋ ಮಾಡದೆ ಬಿಟ್ಟ ಕೆಲಸವನ್ನು ನಡುಬೀದಿಯ ಈ ಮುಖವಾಡ ಮಾಡಿತೆಂದರೆ ತಪ್ಪಾಗದು.

ಎಂಬತ್ತರ ದಶಕದಲ್ಲಿ ಥಿಯೇಟರುಗಳ ಕಾಲ ಇಳಿಮುಖವಾಗಿ ವೀಡಿಯೋ ಕ್ಯಾಸೆಟ್ಟುಗಳಿಗೆಂದೇ ಕೆಲವು ವಾರಗಳಲ್ಲಿ ಮುಗಿಸುವ ಚಿತ್ರಗಳು ಬಂದವು. ಗಡಿನಾಡಿನ ಮಾದಕದ್ರವ್ಯದ ಸಾಗಾಟಗಾರರೂ ಗೋರಿಯಿಂದೆದ್ದ ಮಾಂತ್ರಿಕರೂ ಆ ಅಂಗಡಿಗಳ ಕಪಾಟಿನಲ್ಲಿ ಅಕ್ಕಪಕ್ಕದಲ್ಲಿ ಕುಳಿತರು. ಅವುಗಳಲ್ಲಿ ಹೆಚ್ಚಿನವನ್ನು ಮರೆತರೆ ನಷ್ಟವಿಲ್ಲ. ಆದರೆ 1989ರಲ್ಲಿ ಮತಮೋರೋಸ್ ಎಂಬ ಗಡಿಪಟ್ಟಣದ ಬಳಿಯ ತೋಟವೊಂದರಲ್ಲಿ ಹೂತಿಟ್ಟ ನರಬಲಿಗಳ ದೇಹಗಳು ದೊರೆತು, ಅದೋಲ್ಫೊ ಕೊನ್‌ಸ್ತಾನ್ಸೊ ಎಂಬ ಕಳ್ಳಸಾಗಣೆಗಾರನ ಗುಂಪಿನವರು ಪೊಲೀಸರ ಗುಂಡು ತಮಗೆ ತಗಲಬಾರದೆಂದು ಮಾಟದ ಬಲಿಗಳನ್ನು ಕೊಡುತ್ತಿದ್ದರೆಂಬುದು ಹೊರಬಿದ್ದಾಗ, ಗುಂಡು ತಗಲಿದರೂ ಬೀಳದ ಜೋಂಬಿಗಳನ್ನು ನೋಡಿ ನಕ್ಕಿದ್ದವರ ನಗೆ ಅರ್ಧಕ್ಕೆ ನಿಂತಿರಬೇಕು.

2006ರ ಡಿಸೆಂಬರಿನಲ್ಲಿ ಅಧ್ಯಕ್ಷ ಫೆಲಿಪೆ ಕಾಲ್ದೆರೊನ್ ಮಾದಕದ್ರವ್ಯದ ಗುಂಪುಗಳ ಮೇಲೆ ಸೇನೆಯನ್ನು ಕಳುಹಿಸಿದ ತರುವಾಯದ ಮೆಕ್ಸಿಕೊವನ್ನು ಕುರಿತು ಇಲ್ಲಿ ವಿಸ್ತರಿಸುವುದು ಅಸಾಧ್ಯ. ಆ ಮೆಕ್ಸಿಕೊದಲ್ಲಿ ಹುಟ್ಟಿದ ಒಂದು ಚಿತ್ರವನ್ನು ಮಾತ್ರ ಹೇಳುತ್ತೇನೆ: ಇಸ್ಸಾ ಲೋಪೆಸ್ ಅವರು 2017ರಲ್ಲಿ ಸ್ವಲ್ಪ ಹಣದಲ್ಲಿ, ಪುಟ್ಟ ಮಕ್ಕಳನ್ನು ಮುಖ್ಯಪಾತ್ರಗಳಲ್ಲಿ ನಿಲ್ಲಿಸಿ ಮಾಡಿದ ‘ವುಯೆಲ್ವೆನ್’, ಎಂದರೆ ‘ಮರಳಿ ಬರುವರು’. ಎಸ್ತ್ರೆಯಾ ಎಂಬ ಹತ್ತು ಹನ್ನೊಂದರ ಬಾಲೆ ಶಾಲೆಯಲ್ಲಿ ಕಟ್ಟುಕಥೆ ಬರೆಯುತ್ತಿರುವಾಗ ಹೊರಗೆ ಗುಂಡಿನ ಸದ್ದಾಗುತ್ತದೆ, ಮಕ್ಕಳೆಲ್ಲ ನೆಲಕ್ಕೊರಗುತ್ತಾರೆ, ಅವಳ ಭಯವನ್ನು ಮರೆಸಲೆಂದು ಗುರುವಾದವಳು ಮೂರು ಸೀಮೆಸುಣ್ಣದ ತುಂಡುಗಳನ್ನು ಅವಳ ಕೈಗಿಟ್ಟು, ಇವು ಮೂರು ವರಗಳೆನ್ನುತ್ತಾಳೆ. ಮನೆಗೆ ಬಂದರೆ ತಾಯಿಯಿಲ್ಲ. ತಾಯಿ ಬರಲೆಂದು ಅವಳು ಮೊದಲ ವರವನ್ನು ಕೇಳುತ್ತಾಳೆ, ತಾಯಿ ಬರುತ್ತಾಳೆ. ಆದರೆ ಬದುಕಿರುವವಳು ಬರಬೇಕೆಂದು ಹೇಳಲು ಮಗು ಮರೆತಿರುತ್ತದೆ. ಅಂದಿನಿಂದ ಗೋಡೆಯ ಮೇಲೆ, ನೆಲದ ಮೇಲೆ, ಒಂದು ಎಳೆ ರಕ್ತವು ಇರುವೆಯ ಸಾಲಿನಂತೆ ಅವಳನ್ನು ಹಿಂಬಾಲಿಸುತ್ತದೆ.

ಅನಾಥ ಬಾಲಕರ ಗುಂಪೊಂದನ್ನು ಅವಳು ಸೇರುತ್ತಾಳೆ. ಅದರ ನಾಯಕನಾದ ಹುಡುಗನು ಪಾತಕಿಯೊಬ್ಬನಿಂದ ಕದ್ದ ಫೋನಿನಲ್ಲಿ ಒಂದು ಕೊಲೆಯ ದೃಶ್ಯವಿದೆ. ಕೊಲೆಗಾರನು ಚುನಾವಣೆಗೆ ನಿಂತಿರುವ ದೊಡ್ಡಮನುಷ್ಯ. ಮಕ್ಕಳು ರಸ್ತೆಯಲ್ಲಿ ಪೊಲೀಸಿನವರ ಕಾರನ್ನು ಕಂಡು, ಆಸೆಯಿಂದ ಹತ್ತಿರ ಹೋಗಿ, ವಿಷಯವನ್ನು ಹೇಳುತ್ತಾರೆ. ಆ ಹೆಸರು ಕಿವಿಗೆ ಬಿದ್ದೊಡನೆ ಪೊಲೀಸಿನವರು ಕಾರನ್ನು ಚಾಲೂ ಮಾಡಿ ಹೊರಟುಹೋಗುತ್ತಾರೆ. ಇಡೀ ದೃಶ್ಯ ಕ್ಷಣಮಾತ್ರದ್ದು. ಅದರಲ್ಲಿ ಯಾರೂ ಅಳುವುದಿಲ್ಲ, ಕಿರುಚುವುದಿಲ್ಲ. 1961ರ ಪೊಲೀಸನಿಗೆ ನಾಚಿಕೆಯಿತ್ತು; ತನ್ನಿಂದಾಗದೆಂದು ಒಪ್ಪಿಕೊಂಡು ಬೆಳ್ಳಿಯ ಮುಖವಾಡದವನನ್ನು ಕರೆದನು. 2017ರ ಪೊಲೀಸನು ಕರೆಯುವುದಕ್ಕೆ ಯಾರೂ ಇಲ್ಲ, ಏಕೆಂದರೆ ಸಾಂತೋ ಸತ್ತು ಮೂವತ್ತಮೂರು ವರ್ಷಗಳಾಗಿವೆ, ಮೇಲಾಗಿ ಕರೆಯುವ ಇಚ್ಛೆಯೇ ಅವನಿಗಿಲ್ಲ.

ಆಗ ಯಾರು ಬರುತ್ತಾರೆ? ಕೊಲೆಯಾದವರೇ ಬರುತ್ತಾರೆ. ಹಳೆಯ ಚಿತ್ರಗಳಲ್ಲಿ ಗೋರಿಯಿಂದೆದ್ದವರು ಅಪರಾಧಿಗಳು ಅಥವಾ ಅಪರಾಧಿಗಳ ಆಳುಗಳು, ಅವರನ್ನು ಮತ್ತೆ ಗೋರಿಗೆ ಅಟ್ಟುವುದು ನಾಯಕನ ಧರ್ಮ. ಈ ಹೊಸ ಚಿತ್ರದಲ್ಲಿ ಅಪರಾಧಿಗಳೆಲ್ಲರೂ ಉಸಿರಾಡುವವರು, ಹಲ್ಲುಜ್ಜಿ ಮತ ಕೇಳಲು ಹೊರಡುವವರು, ಗೋರಿಯೂ ದೊರೆಯದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿಕೊಂಡ ಹೆಂಗಸರು ಮಾತ್ರ ದೂರುದಾರರು. ಅವರು ಮಗುವಿನ ಕಿವಿಯಲ್ಲಿ ಕೇಳುವುದು ಒಂದನ್ನೇ: ಅವನನ್ನು ನಮ್ಮ ಹತ್ತಿರ ಕರೆತಾ. ಮುಂದೇನಾಗುತ್ತದೆಂಬುದನ್ನು ಹೇಳಿ ನೋಡುವವರ ಪಾಲನ್ನು ಕಸಿದುಕೊಳ್ಳಲಾರೆ. ಈ ಚಿತ್ರಕ್ಕೆ ಕೊರತೆಗಳಿಲ್ಲವೆಂದಲ್ಲ. ಗೋಡೆಯ ಮೇಲಿನ ಹುಲಿಯ ಚಿತ್ರವು ಜೀವತಳೆಯುವ ಕಡೆಗಳಲ್ಲಿ ಕಂಪ್ಯೂಟರಿನ ಕೈವಾಡ ಎದ್ದು ಕಾಣುತ್ತದೆ, ದಾರದ ಬಾವಲಿಯೇ ಅದಕ್ಕಿಂತ ಪ್ರಾಮಾಣಿಕವೆಂದು ನನಗೊಮ್ಮೆ ಅನ್ನಿಸಿತು. ಆದರೂ ಮೆಕ್ಸಿಕೊದ ಭೂತಚಿತ್ರವು ಕಳೆದ ಅರವತ್ತು ವರ್ಷಗಳಲ್ಲಿ ಹೇಳಲಾರದೆ ತೊದಲಿದ ಮಾತನ್ನು ಈ ಮಗುವಿನ ಕಥೆ ಸ್ಪಷ್ಟವಾಗಿ ಆಡಿದೆ. ಆ ತೊದಲನ್ನು ಕೇಳದವರಿಗೆ ಈ ಮಾತಿನ ಬೆಲೆಯೂ ಪೂರ್ತಿಯಾಗಿ ತಿಳಿಯದು. ಆ ದೇಶದ ಸರ್ಕಾರದ ದಾಖಲೆಯಲ್ಲಿಯೇ ಕಾಣೆಯಾದವರ ಸಂಖ್ಯೆ 2022ರ ಮೇ ತಿಂಗಳಿಗೆ ಒಂದು ಲಕ್ಷವನ್ನು ದಾಟಿತು.

ನಮ್ಮ ಚಿತ್ರಸಮಾಜಗಳನ್ನು ನಡೆಸುವ ಮಹನೀಯರಲ್ಲಿ ನನ್ನದೊಂದು ಬಿನ್ನಹ. ಮೆಕ್ಸಿಕೊದ ಚಿತ್ರಗಳೆಂದೊಡನೆ ಪ್ರಶಸ್ತಿ ಪಡೆದ ನಾಲ್ಕೈದನ್ನೇ ಮತ್ತೆ ಮತ್ತೆ ತೋರಿಸುವುದನ್ನು ಒಂದು ಭಾನುವಾರದ ಮಟ್ಟಿಗೆ ಬಿಟ್ಟು, ಮಧ್ಯಾಹ್ನ ‘ಜೋಂಬಿಗಳಿಗೆದುರಾಗಿ ಸಾಂತೋ’ ಚಿತ್ರವನ್ನು, ಸಂಜೆ ‘ವುಯೆಲ್ವೆನ್’ ಚಿತ್ರವನ್ನು, ನಡುವೆ ಕಾಫಿಗೆ ಕಾಲು ಗಂಟೆಯ ಬಿಡುವು ಕೊಟ್ಟು ಜನರಿಗೆ ತೋರಿಸಿ. ಮೊದಲನೆಯದಕ್ಕೆ ಮಕ್ಕಳನ್ನೂ ಕರೆದುಕೊಂಡು ಬರಬಹುದೆಂದು, ಎರಡನೆಯದಕ್ಕೆ ಬೇಡವೆಂದು, ಬಾಗಿಲಲ್ಲೇ ಬರೆದು ಹಾಕಿ.